ಒಣ ಬಂದರು

ನಂಜನಗೂಡು ರಸ್ತೆಯಲ್ಲಿ, ಕಡಕೊಳದ ಹತ್ತಿರ,
ಸಮುದ್ರವಿಲ್ಲದ ಬಂದರಿನ ಗೇಟಿಗೆ ಅಂಟಿಕೊಂಡು
ನನ್ನ ಗಾಜಿನ ಗೂಡು.
ಲಾರಿ ಏರುತ್ತದೆ, ಕಬ್ಬಿಣದ ಹಾಸು ಒಮ್ಮೆ ನರಳುತ್ತದೆ,
ಕೆಂಪು ಅಂಕಿ ತಡವರಿಸಿ ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ. ಇಷ್ಟೇ ಕೆಲಸ.
ಖಾಲಿ ಡಬ್ಬಿಗೂ ಇಲ್ಲಿ
ಎರಡೂಕಾಲು ಟನ್ನು ತೂಕ.

ಮೊದಲು ಇದು ಹುರುಳಿ ಹೊಲ.
ಸಣ್ಣ ಹಳಿಯ ಮೇಲೆ ದಿನಕ್ಕೆರಡು ಸಲ
ಕೆಮ್ಮುತ್ತ ಹೋಗುವ ರೈಲಿಗೆ
ಎಮ್ಮೆ ಕೂಡ ತಲೆ ಎತ್ತುತ್ತಿರಲಿಲ್ಲವಂತೆ.
ಹಳಿ ಅಗಲವಾಯಿತು. ಆಮೇಲೆ ಬೇಲಿ.
ಬೇಲಿಗಿಂತ ಮೊದಲೇ ಬಂದದ್ದು ಜಬೀವುಲ್ಲಾನ ಪಂಕ್ಚರ್ ಅಂಗಡಿ,
ಅವನಿಗೆ ಹೇಗೆ ಗೊತ್ತಾಯಿತೋ!
ಪಂಕ್ಚರಿಗೆ ಕಾಯುವವರಿಗೊಂದು ಬೆಂಚು, ಬೆಂಚಿಗೆ ಟೀ,
ಟೀಗೆ ಚಿಕ್ಕತಾಯಮ್ಮ, ಮಧ್ಯಾಹ್ನಕ್ಕೆ ಅವಳದೇ ಮುದ್ದೆ,
ಮುದ್ದೆ ನುಂಗಲು ಬಾರದವರಿಗೆ ಚಪಾತಿ,
ಚಪಾತಿ ಲಟ್ಟಿಸಲು ಛಪ್ರಾದಿಂದ ಬಂದ ಹುಡುಗ.
ಕಸ್ಟಮ್ಸಿನವರ ಮೊದಲ ಕಚೇರಿ
ತಗಡಿನ ಚಾವಣಿ, ಒಂದೇ ಫ್ಯಾನು.
ಮಾರಮ್ಮನ ಕಲ್ಲನ್ನು ಹನ್ನೆರಡು ಮಾರು ಆಚೆ ಸರಿಸಿದಾಗ
ಪೂಜಾರಿ ಕೇಳಿದ: ಅವ್ವನಿಗೆ ತೂಕದ ಚೀಟಿ ಬ್ಯಾಡ್ವಾ?
ನಾವು ನಕ್ಕೆವು. ಕಂತ್ರಾಟುದಾರ ನಗಲಿಲ್ಲ.

ಈಗ ರಾತ್ರಿಗೂ ಹಗಲಿನದೇ ದೀಪ.
ಊದುಬತ್ತಿಯ ಡಬ್ಬಿಗಳು ಬೀಗ ಬಿದ್ದರೂ ಘಮ್ಮೆನ್ನುತ್ತವೆ,
ಟೈರುಗಳು ಟೈರುಗಳ ಮೇಲೆ ಕೂತು ಊರು ಬಿಡುತ್ತವೆ,
ಚಾಮರಾಜನಗರದ ಕರಿಕಲ್ಲು ಬಂದ ದಿನ
ನನ್ನ ಟೀ ಲೋಟದಲ್ಲಿ ಅಲೆ ಏಳುತ್ತದೆ.
ನಮ್ಮ ಬಂದರಿನ ಅಲೆ ಅಷ್ಟೇ.

ತಾತ ಬೆಟ್ಟದಯ್ಯ ಕಪಿಲೆಯ ಕಡವಿನಲ್ಲಿ
ನಲವತ್ತು ವರ್ಷ ಹರಿಗೋಲು ಹಾಕಿದವನು.
ಮೇಕೆ, ಮದುವೆ ಹೆಣ್ಣು, ಸೀಮೆಎಣ್ಣೆ ಪೀಪಾಯಿ,
ಒಮ್ಮೆ ಹೊಲಿಗೆ ಯಂತ್ರವನ್ನು ತಬ್ಬಿಕೊಂಡ ದರ್ಜಿ.
ಅಂಚಿನಿಂದ ನೀರಿಗೆ ಎಷ್ಟು ಬೆರಳು ಉಳಿದಿದೆ ನೋಡಿ
ಒಬ್ಬ ಇಳೀಲಿ, ಅನ್ನುತ್ತಿದ್ದ.
ತೂಕ ಕಣ್ಗೆ ಕಾಣಕಿಲ್ಲ ಕನವ್ವ, ನೀರ್ಗೆ ಕಾಣ್ತದೆ.
ಸೇತುವೆ ಬಂತು.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದವನು
ಹೊಳೆಯನ್ನಾದರೂ ದಾಟಿದ್ದ.
ಸೇತುವೆಯ ಬಸ್ಸಿನಲ್ಲಿ ಎಲ್ಲರೂ ನಿದ್ದೆ.

ಕಾರ್ತೀಕದ ಒಂದು ಸಂಜೆ ತಾತ ನನ್ನ ಕೆಲಸ ನೋಡಲು ಬಂದ.
ಬಂದರು ಅಂತೀಯೆ, ನೀರೆಲ್ಲವ್ವ?
ಕಾಗದದಲ್ಲಿದೆ ತಾತ, ಅಂದೆ.
ಅವನಿಗೆ ಅದು ಹಿಡಿಸಲಿಲ್ಲ.
ಸಾಲಿನಲ್ಲಿ ನಿಂತ ಲಾರಿಗಳನ್ನು
ಕಟ್ಟಿದ ಎತ್ತುಗಳನ್ನು ಸವರುವ ಹಾಗೆ ಸವರುತ್ತ ಹೋದ.
ತೂತುಕುಡಿಯ ಇಸಕ್ಕಿಮುತ್ತುವಿನ ಡಬ್ಬಿ;
ಮೂಲೆಯ ಕಿಂಡಿಯಲ್ಲಿ ತುಕ್ಕು, ತುಕ್ಕಿನ ಸುತ್ತ ಬಿಳಿ ಪೊರೆ.
ತಾತ ಬೆರಳೊತ್ತಿ ನಾಲಗೆಗಿಟ್ಟುಕೊಂಡ.

ಬಹಳ ಹೊತ್ತು ಮಾತಿಲ್ಲ.
ಅಡ್ಡಡ್ಡ ದಾಟಿಯೇ ಆಯಸ್ಸು ಕಳೆದವನು,
ಹೊಳೆ ಉದ್ದಕ್ಕೆ ಎಲ್ಲಿಗೆ ಹೋಗುತ್ತದೆಂದು
ಕೇಳಲು ಪುರುಸೊತ್ತು ಸಿಕ್ಕಿರಲಿಲ್ಲ.
ನಮ್ ಹೊಳೆ ವೋಗಿ ಸೇರದು ಇದ್ಕೇಯಾ?
ಕನ್ನಡ ಬಾರದ ಇಸಕ್ಕಿಮುತ್ತು
ಆಮಾ ಆಮಾ ಎಂದು ತಲೆಯಾಡಿಸಿದ.

ನನ್ನೂ ತೂಗವ್ವ, ಎಂದು ತಾತ ಹಾಸಿನ ಮೇಲೆ ಹತ್ತಿದ,
ಹರಿಗೋಲಿಗೆ ಕಾಲಿಡುವವನಂತೆ, ಮಂಡಿ ಸಡಿಲ ಬಿಟ್ಟು.
ಇಪ್ಪತ್ತಿಪ್ಪತ್ತು ಕೇಜಿಯ ಮೆಟ್ಟಿಲಲ್ಲಷ್ಟೇ ಎಣಿಸುವ ಯಂತ್ರ
ಯೋಚಿಸಿ ಯೋಚಿಸಿ ನಲವತ್ತು ಎಂದಿತು.
ಉಪ್ಪೂ ಸೇರ್ಸಿಯಾ? ಅಂದ.

ಹಿಂದಿನ ಲಾರಿ ಹಾರನ್ ಬಾರಿಸಿತು, ಇನ್ನೊಂದು, ಮತ್ತೊಂದು.
ತಾತ ತಿರುಗಲಿಲ್ಲ. ಆಚೆ ದಡದಿಂದ ಕೂಗಿದವರಿಗೆ
ಎತ್ತುತ್ತಿದ್ದ ಹಾಗೆ ಒಂದು ಕೈ ಎತ್ತಿದ:

ಬಂದೆ ಕನಪ್ಪೋ,
ವಸಿ ನಿಂತ್ಕೊ.